ಚೌರಪ್ಪ ಮೇಷ್ಟ್ರ ಉಣ್ಣೆ ಕೋಟು

ಕೊಟ್ಟ ಬಟ್ಟೆ ಕೊಟ್ಟವರನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಎಂಬುದು ನಮ್ಮ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅಂಗಡಿಯಿಂದ ತಂದ ಹೊಸ ಬಟ್ಟೆಗೆ ಈ ತೊಂದರೆಯಿಲ್ಲ. ಮೈಮೇಲೆ ಹಾಕಿ ಹಳತು ಮಾಡಿ, ಆಮೇಲೆ ಧರ್ಮಕ್ಕೆಂದು ಕೊಟ್ಟಾಗ ಮಾತ್ರ ಬಟ್ಟೆಯ ಜೊತೆಗೆ ಅದರ ಹಳೇ ಯಜಮಾನನೂ ಒಂದಿಷ್ಟು ಹೋಗುತ್ತಾನೆ. ಕಚೇರಿಯ ಗುಮಾಸ್ತರೊಬ್ಬರು ಕೊಟ್ಟ ಪ್ಯಾಂಟು ಹಾಕಿಕೊಂಡ ಚಿಂದಿ ಆಯುವ ಮುದುಕನೊಬ್ಬ ಎರಡು ವಾರ, ಯಾರು ಏನು ಕೇಳಿದರೂ "ನಾಳೆ ಬಾ" ಎನ್ನುತ್ತಿದ್ದ. ನಮ್ಮ ಫಾದರ್ ಅಂಬ್ರೋಸ್ ಅವರ ಸ್ವೆಟರ್ ಪಡೆದ ಬಸ್ ಸ್ಟ್ಯಾಂಡಿನ ಲಾಜರ, ಮಾರನೇ ದಿನವೇ ಬೀಡಿ ಅಂಗಡಿಯ ಹಿಂದೆ ಕೂತು ಜನರ ಪಾಪನಿವೇದನೆ ಕೇಳತೊಡಗಿದ. ಚರ್ಚಿನಲ್ಲಿ ಹತ್ತು ನಮೋ ಮರಿಯೆ ಹೇಳಿಸುವ ಪಾಪಕ್ಕೆ ಅವನು ಎರಡಕ್ಕೇ ಬಿಡುತ್ತಿದ್ದ. ಫಾದರ್ ಒಳಗೆ ಅಷ್ಟು ದಯೆ ಇತ್ತೆಂದು ನಮಗೆ ತಿಳಿದದ್ದೇ ಆಗ. ಬೀಡಿ ಅಂಗಡಿಯ ಹಿಂದೆ ಸಾಲು ಉದ್ದವಾಗಿ, ಚರ್ಚು ಖಾಲಿಯಾಗಿ, ಕೊನೆಗೆ ಫಾದರೇ ಹೋಗಿ ಸ್ವೆಟರ್ ವಾಪಸ್ ಇಸಿದುಕೊಂಡು ಬಂದರು.

ಆದ್ದರಿಂದಲೇ ಸಂತ ಮಾರ್ಟಿನರ ಮನೆಯಲ್ಲಿ ಬಂದ ಬಟ್ಟೆಯನ್ನೆಲ್ಲ ಅಂಟುವಾಳದ ನೀರಿನಲ್ಲಿ ಮೂರು ಸಲ ಕುದಿಸಿ ಹಂಚುವುದು. ಕುದಿಸುವವಳು ನಾನು, ಪಾಸ್ಕಲಮ್ಮ. ಚರ್ಚಿನ ಹಿಂಬದಿಯ ಈ ಮನೆಯಲ್ಲಿ ನಮಗಿರುವ ಕೆಲಸ ಎರಡು: ಮಧ್ಯಾಹ್ನ ಹಸಿದು ಬಂದವರಿಗೆ ಮುದ್ದೆ ಸಾರು ಹಾಕುವುದು, ಮೈಮೇಲೆ ಇಲ್ಲದವರಿಗೆ ಬಟ್ಟೆ ಕೊಡುವುದು. ಬಂದವರ ಜಾತಿಯನ್ನಾಗಲಿ ದೇವರನ್ನಾಗಲಿ ನಾವು ವಿಚಾರಿಸುವುದಿಲ್ಲ. ಊರಿನವರು ಏನು ಕೊಡುತ್ತಾರೋ ಅದರಲ್ಲೇ ನಡೆಯಬೇಕು. ಬಾಗಿಲ ಮೇಲೆ ಸಂತ ಮಾರ್ಟಿನರ ಪ್ರತಿಮೆ ಇದೆ. ಕುದುರೆಯ ಮೇಲೆ ಕೂತು, ತಮ್ಮ ನಿಲುವಂಗಿಯನ್ನು ಕತ್ತಿಯಿಂದ ಸೀಳಿ, ಅರ್ಧ ಭಾಗವನ್ನು ಭಿಕ್ಷುಕನಿಗೆ ಕೊಡುತ್ತಿದ್ದಾರೆ. ಹತ್ತೊಂಬತ್ತು ವರ್ಷದಿಂದ ಅದರ ಕೆಳಗೆ ಓಡಾಡುತ್ತಿರುವ ನನಗೆ ಒಂದು ಅನುಮಾನ. ಕುದುರೆ ಇಟ್ಟುಕೊಂಡಿದ್ದವರು ಪೂರ್ತಿ ಕೊಟ್ಟಿದ್ದರೆ ಏನಾಗುತ್ತಿತ್ತು? ಫಾದರನ್ನು ಕೇಳಿದ್ದಕ್ಕೆ, "ಪಾಸ್ಕಲಮ್ಮ, ಅರ್ಧ ಕೊಡೋರು ಸಿಕ್ಕಿದ್ರೂ ಹೋಗಿ ಕಾಲಿಗೆ ಬೀಳು," ಎಂದರು. ಅದೂ ನಿಜವೇ.

ಚೌರಪ್ಪ ಮೇಷ್ಟ್ರು ತೀರಿಕೊಂಡದ್ದು ಬಿಸಿಲು ನಮ್ಮ ಊರಿನ ದಾರಿಯನ್ನೇ ಮರೆತ ವರ್ಷ. ಅವರು ಚರ್ಚಿನ ಶಾಲೆಯ ಹೆಡ್ ಮಾಸ್ಟರು. ಊರಿನ ಅರ್ಧ ಕಿವಿಗಳನ್ನು ಅವರು ಹಿಂಡಿದ್ದರು, ಇನ್ನರ್ಧ ಅವರ ಧ್ವನಿ ಕೇಳಿದರೇ ಕೆಂಪಾಗುತ್ತಿದ್ದವು. ಫಾದರ್ ಅಂಬ್ರೋಸರನ್ನೂ ಅವರು ಬಿಟ್ಟವರಲ್ಲ. ಫಾದರ್ ದೂರದ ಸೀಮೆಯವರು; ಅಕಾರ ಹಕಾರ ಅವರ ನಾಲಿಗೆಯಲ್ಲಿ ಸದಾ ಜಾಗ ಬದಲಾಯಿಸುತ್ತಿದ್ದವು. ಒಂದು ಭಾನುವಾರ ಪ್ರಸಂಗದಲ್ಲಿ, "ಪ್ರಿಯರೇ, ನೆರೆಹೊರೆಯವರ ಹೆಂಡತಿಯರಿಗೆ ಹಾದರ ತೋರಿಸಿ," ಎಂದುಬಿಟ್ಟಾಗ ಮೇಷ್ಟ್ರು ಮೊದಲ ಬೆಂಚಿನಿಂದ ಎದ್ದು ನಿಂತು, "ಆದರ, ಫಾದರ್, ಆದರ," ಎಂದು ತಿದ್ದಿದ್ದರು. ಫಾದರ್ ಅವರ ಶವಸಂಸ್ಕಾರವನ್ನು ಬಹಳ ನಿರಾಳವಾಗಿ ಮಾಡಿದರು ಎಂದು ಜನ ಆಡಿಕೊಂಡರು.

ಮಣ್ಣು ಮಾಡಿದ ನಾಲ್ಕನೇ ದಿನ ಅವರ ಹೆಂಡತಿ ರೆಜಿನಮ್ಮ ಒಂದು ದೊಡ್ಡ ಗಂಟು ಹೊತ್ತು ಬಂದರು. ಪ್ರತಿ ಗುರುವಾರ ನಮ್ಮಲ್ಲಿಗೆ ಬಂದು ತರಕಾರಿ ಹೆಚ್ಚಿ ಬಡಿಸಿ ಹೋಗುತ್ತಿದ್ದವರು. ಬಂದರೆ ಬಂದದ್ದು ತಿಳಿಯುತ್ತಿರಲಿಲ್ಲ, ಹೋದರೆ ಹೋದದ್ದು ತಿಳಿಯುತ್ತಿರಲಿಲ್ಲ. ಅವತ್ತು ಮಾತ್ರ ಗಂಟನ್ನು ಮೇಜಿನ ಮೇಲೆ ಧೊಪ್ಪೆಂದು ಹಾಕಿದರು.

"ತಗೋ ಪಾಸ್ಕಲಮ್ಮ. ಅವರದೊಂದು ಗುಂಡಿನೂ ಮನೇಲಿ ಬೇಡ."

"ಇಷ್ಟು ಬೇಗ ಯಾಕಮ್ಮಾ? ತಿಂಗಳ ಪೂಜೆ ಆಗ್ಲಿ."

"ಮೂವತ್ನಾಲ್ಕು ವರ್ಷ ಆಯ್ತು. ಇದು ಬೇಗನಾ?" ಅವರ ಕಣ್ಣು ಒಣಗಿತ್ತು. ಬಾಗಿಲವರೆಗೆ ಹೋದವರು ತಿರುಗಿ, "ಮೂರು ಸಲ ಕುದಿಸ್ತೀಯಲ್ಲ? ಚೆನ್ನಾಗಿ ಕುದಿಸು," ಎಂದರು.

ಅಂಗಿ, ಪಂಚೆ, ಪ್ಯಾಂಟುಗಳನ್ನು ಕುದಿಸಿದೆ. ಮೊದಲ ನೀರು ಸೀಮೆಸುಣ್ಣದ ಹಾಗೆ ಬೆಳ್ಳಗಾಯಿತು. ಗಂಟಿನ ತಳದಲ್ಲಿ ಉಳಿದದ್ದು ಉಣ್ಣೆ ಕೋಟು, ಬೂದು ಬಣ್ಣದ್ದು, ಐದು ಗುಂಡಿಗಳದ್ದು. ಉಣ್ಣೆಯನ್ನು ಕುದಿಸಿದರೆ ಅದು ಗೊಂಬೆಯ ಬಟ್ಟೆಯಾಗುತ್ತದೆ. ಹಾಗಾಗಿ ಉಣ್ಣೆ ಬಂದರೆ ನಲವತ್ತು ದಿನ ಬಿಸಿಲಿಗೆ ಹಾಕುವುದು ಪದ್ಧತಿ. ಆ ವರ್ಷ ಬಿಸಿಲೆಲ್ಲಿತ್ತು? ಕೋಟನ್ನು ಮೊಳೆಗೆ ತಗುಲಿಹಾಕಿ, ಗೋಡೆಯ ಕಡೆ ಮುಖ ಮಾಡಿಸಿ ಬಿಟ್ಟೆ.

ಹನ್ನೆರಡನೇ ದಿನ ದುಗ್ಗಪ್ಪ ಬಂದ. ಸಂತೆಬೀದಿಯಲ್ಲಿ ಕೈಗಾಡಿ ಎಳೆಯುವವನು. ತಲೆಯ ಮೇಲೆ ಗೋಣಿಚೀಲ, ಮೈಮೇಲೆ ತೂತು ಬನಿಯನ್ನು, ಗಂಟಲಲ್ಲಿ ಗರಗಸದಂಥ ಕೆಮ್ಮು. ಯಾರ ಎದುರೂ ದನಿ ಏರಿಸಿದವನಲ್ಲ. ಬೈದರೆ ರಸ್ತೆಯ ಗುಂಡಿಗಳನ್ನು ಬೈಯುತ್ತಿದ್ದ, ಅದನ್ನು ಮಾತ್ರ ಬಹಳ ಚೆನ್ನಾಗಿ ಬೈಯುತ್ತಿದ್ದ.

"ಅಮ್ಮೋ, ಏನಾರ ಬೆಚ್ಚಗಿರೋದು ಐತಾ? ಎದೆ ಒಳ್ಗೆ ಐಸು ಇಟ್ಟಂಗೆ ಆಗ್ತೈತೆ."

ಹಿಂದಿನ ವಾರವಷ್ಟೇ ಸೇತುವೆಯ ಕೆಳಗೆ ಒಬ್ಬ ಮುದುಕ ಸೆಟೆದುಕೊಂಡು ಸತ್ತಿದ್ದ. ನನ್ನ ಕಪಾಟಿನಲ್ಲಿ ಇದ್ದದ್ದು ತೆಳು ಅಂಗಿಗಳು. ನಾನು ಗೋಡೆ ನೋಡುತ್ತಿದ್ದ ಕೋಟನ್ನು ನೋಡಿದೆ, ದುಗ್ಗಪ್ಪನ ನೀಲಿಗಟ್ಟಿದ ತುಟಿ ನೋಡಿದೆ. ಮೊಳೆಯಿಂದ ಕೋಟು ತೆಗೆದು ಕೊಟ್ಟೆ. ಅದು ಅವನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಕುತ್ತಿಗೆಯವರೆಗೆ ಐದೂ ಗುಂಡಿ ಹಾಕಿಕೊಂಡ. ಕೆಮ್ಮು ನಿಂತಿತು. ನಾನು ಸಂತ ಮಾರ್ಟಿನರ ಕಡೆ ನೋಡಿ, ಪೂರ್ತಿ ಕೋಟು ಕೊಟ್ಟೆ ನೋಡಿ ಎಂದು ಮನಸ್ಸಿನಲ್ಲೇ ಜಂಬ ಕೊಚ್ಚಿಕೊಂಡೆ. ಜಂಬ ಇಪ್ಪತ್ತನಾಲ್ಕು ಗಂಟೆಯೂ ಬಾಳಲಿಲ್ಲ.

ಮರುದಿನ ಊಟದ ಹೊತ್ತಿಗೆ ಹೊರಗೆ ಬಂದು ನೋಡಿದರೆ, ಯಾವತ್ತೂ ಕುರಿ ಮಂದೆಯಂತೆ ನುಗ್ಗುವ ನಮ್ಮ ಜನ ಎತ್ತರದ ಪ್ರಕಾರ ಸಾಲು ನಿಂತಿದ್ದಾರೆ. ದುಗ್ಗಪ್ಪ ಹುಣಿಸೆ ಬರಲು ಹಿಡಿದು, ಕೈ ಹಿಂದೆ ಕಟ್ಟಿಕೊಂಡು, ಅವರ ಉಗುರು ನೋಡುತ್ತಾ ಹೋಗುತ್ತಿದ್ದಾರೆ. ನೋಡಿ, ಈಗ ಹೇಳುವಾಗಲೂ ನನಗೆ ಅವನನ್ನು ಏಕವಚನದಲ್ಲಿ ಹೇಳಲು ಬಾಯಿ ಬರುತ್ತಿಲ್ಲ. ಕೋಟು ಹಾಕಿದ ದುಗ್ಗಪ್ಪ ಎದುರಿಗೆ ಬಂದರೆ ನನ್ನ ನಾಲಿಗೆ ತಾನಾಗಿ 'ಬನ್ನಿ, ಹೋಗಿ' ಎನ್ನುತ್ತಿತ್ತು. ಭಾನುವಾರ ಅವರು ಚರ್ಚಿಗೂ ಬಂದರು. ಹುಟ್ಟಿದಾಗಿನಿಂದ ಊರಮ್ಮನಿಗಷ್ಟೇ ಕೈಮುಗಿದವನು ಮೊದಲ ಬೆಂಚಿನಲ್ಲಿ ಕೂತು, ಫಾದರ್ "ಹಗಣಿತ ಕೃಪೆ" ಎಂದ ತಕ್ಷಣ ಎದ್ದು ನಿಂತರು. "ಅಗಣಿತ, ಫಾದರ್."

ಫಾದರ್ ಮುಖ ಬಿಳುಚಿಕೊಂಡಿತು. ಪೂಜೆ ಮುಗಿದ ಮೇಲೆ ನನ್ನನ್ನು ಕರೆಸಿ, "ಕೋಟು ಕುದಿಸಲಿಲ್ಲವೇ?" ಎಂದರು. "ಉಣ್ಣೆ, ಫಾದರ್." "ಸತ್ತ ಮೇಲೂ ಬಿಡಲಿಲ್ಲವಲ್ಲ," ಎಂದು ಶಿಲುಬೆಯ ಗುರುತು ಹಾಕಿಕೊಂಡರು.

ಗುರುವಾರ ಬಂತು. ರೆಜಿನಮ್ಮನಿಗೆ ಮೊದಲೇ ಹೇಳಬೇಕಾಗಿತ್ತು, ನನಗೆ ಧೈರ್ಯ ಸಾಲಲಿಲ್ಲ. ಅವರು ಎಂದಿನಂತೆ ಹಿಂಬಾಗಿಲಿನಿಂದ ಬಂದು ಮೂಲಂಗಿ ಹೆಚ್ಚಿ, ಸಾರು ಮಾಡಿ, ಸೌಟು ಹಿಡಿದು ಬಡಿಸಲು ನಿಂತರು. ಕೋಟಿನ ಸರದಿ ಬಂತು. ತಟ್ಟೆಗೆ ಬಿದ್ದ ಸಾರನ್ನು ನೋಡಿ ಕೋಟು, "ರೆಜಿನಾ, ಮೂಲಂಗಿ ಇಷ್ಟು ದಪ್ಪ ಹೆಚ್ಚಿದರೆ ಇದು ಸಾರೋ, ಕಲ್ಲು ಕ್ವಾರಿಯೋ?" ಎಂದಿತು. ದನಿ ದುಗ್ಗಪ್ಪನದೇ, ಆದರೆ ಆ ಎಳೆತ, ಮೂಗು ಸೊಟ್ಟಗೆ ಮಾಡುವ ಆ ರೀತಿ, ಊರಿಗೆಲ್ಲ ಗೊತ್ತಿದ್ದದ್ದು.

"ಇಲ್ಲ ರೀ, ನಾಳೆಯಿಂದ ಸಣ್ಣಗೆ..." ಎಂದರು ರೆಜಿನಮ್ಮ. ಅಷ್ಟು ಹೇಳಿದ ಮೇಲೆ ಅವರಿಗೆ ಕೋಟು ಕಾಣಿಸಿತು. ಸೌಟು ಪಾತ್ರೆಗೆ ಬಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಹಿಂಬಾಗಿಲಿನಿಂದ ಓಡಿದರು.

ಇನ್ನು ಇವರು ಈ ಕಡೆ ತಲೆಹಾಕುವುದಿಲ್ಲ ಎಂದುಕೊಂಡೆ. ಮಾರನೇ ದಿನ ಶುಕ್ರವಾರ, ಅವರ ದಿನವೇ ಅಲ್ಲ, ಮುಂಬಾಗಿಲಿನಿಂದ ಬಂದರು. ಕಣ್ಣು ಕೆಂಪಾಗಿತ್ತು. "ನಿದ್ದೆ ಬರ್ಲಿಲ್ಲ ಪಾಸ್ಕಲಮ್ಮ. ಸತ್ತವರಿಗೂ ಇಲ್ಲ ರೀ ಅಂದುಬಿಟ್ನಲ್ಲ ನಾನು!" ಎಂದು ನೇರ ಊಟದ ಸಾಲಿನತ್ತ ಹೋಗಿ ಕೋಟಿನ ಮುಂದೆ ನಿಂತರು. ಸೊಂಟಕ್ಕೆ ಕೈ ಇಡಲು ಹೋಗಿ, ಅಭ್ಯಾಸವಿಲ್ಲದ್ದರಿಂದ ಎಲ್ಲಿ ಇಡಬೇಕೆಂದು ತಿಳಿಯದೆ, ಕೊನೆಗೆ ಇಟ್ಟರು.

"ಮೂಲಂಗಿ ನನ್ನಿಷ್ಟ ಬಂದ ಹಾಗೆ ಹೆಚ್ತೀನಿ. ಬೇಕಾದ್ರೆ ತಿನ್ನು. ಬೇಡದಿದ್ರೆ ಎದ್ದು ಹೋಗು."

ಆ 'ತಿನ್ನು' ಕೇಳಿ ಸಾಲಿಗೆ ಸಾಲೇ ತಟ್ಟೆ ಕೆಳಗಿಟ್ಟಿತು.

"ಏನಂದೆ?" ಎಂದಿತು ಕೋಟು.

"ಕಿವಿ ಕೇಳಿಸಲ್ವಾ? ನೀನು ಸತ್ತಿದ್ದೀಯ. ಸತ್ತವರು ಮೂಲಂಗಿ ವಿಷಯಕ್ಕೆ ಬರಬಾರದು."

ಅಲ್ಲಿಂದ ಶುರುವಾಯಿತು. ದಿನಾ ಅಡುಗೆಮನೆಯಲ್ಲಿ ಸಾರು ಮಾಡಿಟ್ಟು ಮಧ್ಯಾಹ್ನ ಹನ್ನೆರಡೂವರೆಗೆ ರೆಜಿನಮ್ಮ ಅಂಗಳಕ್ಕೆ ಬರುವರು, ಕೋಟು ಕಾದಿರುವುದು. ಗಾಯನ ಮಂಡಳಿಯಿಂದ ಅವರನ್ನು ಬಿಡಿಸಿದ್ದರ ಜಗಳ ಎರಡು ದಿನ ನಡೆಯಿತು. "ನಿನ್ನ ದನಿ ಎದ್ದು ಕೇಳಿಸುತ್ತಿತ್ತು," ಎಂದಿತು ಕೋಟು. "ಕೇಳಿಸ್ಲಿ ಅಂತಾನೇ ಹಾಡೋದು, ಪೆದ್ದ!" ಎಂದರು ಅವರು. ಮಲಗುವ ಕೋಣೆಯ ಕಿಟಕಿ ತೆರೆಯುವುದರ ಬಗ್ಗೆ ಒಂದು ದಿನ. ಅವರ ಹಸಿರು ಸೀರೆಯನ್ನು ಶಾಲೆಯ ನಾಟಕದ ಪರದೆ ಮಾಡಿದ್ದರ ಬಗ್ಗೆ ಒಂದು ದಿನ. ಒಮ್ಮೆ ಮಾತ್ರ ಜಗಳ ಬೇರೆ ದಾರಿ ಹಿಡಿಯಿತು. "ನನ್ನ ಅವ್ವ ಸಾಯೋಕೆ ಮಲಗಿದ್ಳು. ಶಾಲೆ ತನಿಖೆಗೆ ಸಾಹೇಬರು ಬರ್ತಾರೆ, ಅಡುಗೆ ಮಾಡೋರು ಯಾರು ಅಂತ ನನ್ನ ಕಳಿಸ್ಲಿಲ್ಲ ನೀನು. ನಾನು ಕೋಳಿ ಸಾರು ಮಾಡ್ತಾ ಇದ್ದಾಗ ಅವಳು ಹೋದಳು," ಎಂದರು ರೆಜಿನಮ್ಮ, ದನಿ ಏರಿಸದೆ. ದುಗ್ಗಪ್ಪನ ಮುಖದಲ್ಲಿ ಮೇಷ್ಟ್ರು ನೆಲ ನೋಡುತ್ತಾ ನಿಂತರು. ಮುದ್ದೆ ಮುಟ್ಟದೆ ಎದ್ದು ಹೋದರು.

ಪವಾಡಕ್ಕಿಂತ ಜಗಳಕ್ಕೆ ಜನ ಹೆಚ್ಚು ಸೇರುತ್ತಾರೆ. ಒಂದು ವಾರದಲ್ಲಿ ಊರೇ ನಮ್ಮ ಅಂಗಳದಲ್ಲಿತ್ತು. ಕಿವಿ ಹಿಂಡಿಸಿಕೊಂಡಿದ್ದ ಹಳೇ ವಿದ್ಯಾರ್ಥಿಗಳು ಗೋಡೆ ಹತ್ತಿ ಕೂತು, ರೆಜಿನಮ್ಮ ಒಂದು ಒಳ್ಳೇ ಮಾತು ಎಸೆದಾಗ ಶಿಳ್ಳೆ ಹಾಕುತ್ತಿದ್ದರು. ನಾನು ಬಾಗಿಲಿಗೆ ಒಂದು ಹಲಗೆ ನೇತುಹಾಕಿದೆ: 'ನೋಡಲು ಬರುವವರು ಬರಿಗೈಯಲ್ಲಿ ಬರಬಾರದು.' ಕೆಳಗೆ ಬುಟ್ಟಿ ಇಟ್ಟೆ. ರಾಗಿ ಬಂತು, ಹುರುಳಿ ಬಂತು, ಕುಂಬಳಕಾಯಿ ಬಂತು, ಒಬ್ಬರು ಹಾಲು ಕರೆಯುವ ಮೇಕೆಯನ್ನೇ ಕಟ್ಟಿ ಹೋದರು. ನಲವತ್ತು ಜನ ಉಣ್ಣುತ್ತಿದ್ದಲ್ಲಿ ನೂರಾ ಇಪ್ಪತ್ತು ಜನ ಉಂಡರು. ಇದನ್ನು ನಿಲ್ಲಿಸಬೇಕೆಂದು ಬಂದ ಫಾದರ್ ಉಗ್ರಾಣದ ಬಾಗಿಲು ತೆರೆದು ನೋಡಿ, ಬಾಗಿಲು ಹಾಕಿ, "ದೇವರ ಮಾರ್ಗಗಳು ಹಗಮ್ಯ," ಎಂದರು. ತಿದ್ದುವವರು ಅಂಗಳದಲ್ಲಿ ಜಗಳದಲ್ಲಿದ್ದರು.

ರೆಜಿನಮ್ಮ ದಿನದಿಂದ ದಿನಕ್ಕೆ ಮೈ ತುಂಬಿಕೊಂಡರು. ಭಾನುವಾರ ಗಾಯನ ಮಂಡಳಿಯಲ್ಲಿ ನಿಂತು ಹಾಡಿದರು. ನಿಜ ಹೇಳಬೇಕೆಂದರೆ ಅವರ ದನಿ ಎದ್ದೇ ಕೇಳಿಸುತ್ತಿತ್ತು, ಶ್ರುತಿಯ ಪಕ್ಕದ ಬೀದಿಯಲ್ಲಿ. ಯಾರೂ ಏನೂ ಅನ್ನಲಿಲ್ಲ.

ಬುಟ್ಟಿಗೆ ಬಾರದ್ದು ಒಂದೇ, ಬಟ್ಟೆ. ಒಂದು ಕೋಟು ಏನೆಲ್ಲ ಬಾಯಿಬಿಡಬಲ್ಲದು ಎಂದು ಕಣ್ಣಾರೆ ಕಂಡ ಮೇಲೆ ಯಾರು ಕೊಡುತ್ತಾರೆ? ಮೂಟೆ ಮೂಟೆ ಹುರುಳಿ ಬಂತು, ಒಂದು ಕಾಲುಚೀಲವೂ ಬರಲಿಲ್ಲ. ಊರಿನ ದೊಡ್ಡ ಮನೆಯವರೊಬ್ಬರು ತಮ್ಮ ಹಳೇ ಕಂಬಳಿಯನ್ನು ರಾತ್ರೋರಾತ್ರಿ ಸುಟ್ಟರೆಂದು ಸುದ್ದಿಯಾಯಿತು. ಆ ಕಂಬಳಿಗೆ ಏನು ಗೊತ್ತಿತ್ತೋ.

ಒಂದು ಬೆಳಿಗ್ಗೆ ನಾನು ಒಬ್ಬಳೇ ಬಟ್ಟೆಕೋಣೆಯಲ್ಲಿದ್ದಾಗ ದುಗ್ಗಪ್ಪ ಬಂದ. ಕೋಟು ಕೈಮೇಲಿತ್ತು. ಗಡಗಡ ನಡುಗುತ್ತಿದ್ದ. ಎಷ್ಟೋ ದಿನಗಳ ಮೇಲೆ ನಾನು ಅವನ ಮುಖವನ್ನು ನೋಡಿದ್ದು.

"ಅಮ್ಮೋ, ಇದ್ನ ನೀವೇ ಇಟ್ಕಳ್ಳಿ."

"ಚಳಿ ದುಗ್ಗಪ್ಪ. ಸತ್ತು ಹೋಗ್ತೀಯ."

"ಹಾಕ್ಕಂಡ್ರೆ ಬೆಚ್ಚಗಿರ್ತದೆ ಕಣಮ್ಮಾ. ಆದ್ರೆ ಬೆಚ್ಚಗಿರೋದು ನಾನಲ್ಲ." ಕೆಮ್ಮು ಹಿಡಿದುಕೊಂಡಿತು. ಗೋಡೆಗೆ ಒರಗಿ ಕೆಮ್ಮಿದ. "ಗಾಡಿ ಎಳಿಯಕ್ಕೆ ಹೋದ್ರೆ ಕೈ ಹಿಂದುಕ್ಕೆ ಹೋಯ್ತದೆ. ನಮ್ಮೋಳ ಹೆಸ್ರು ನೆಪ್ಪಿಗೆ ಬರಕ್ಕೆ ಗುಂಡಿ ಬಿಚ್ಬೇಕು."

"ಬೇರೆ ಏನೂ ಇಲ್ವಲ್ಲೋ. ಇನ್ನೊಂದು ವಾರ ತಡ್ಕೋ, ಫಾದರ್ ಪೇಟೆಯಿಂದ ಕಂಬಳಿ ತರಿಸ್ತಾರೆ," ಎಂದೆ. ಫಾದರಿಗೆ ನಾನು ಆ ಮಾತು ಹೇಳಿಯೇ ಇರಲಿಲ್ಲ. ನಾನೇ ಕೋಟು ತೊಡಿಸಿ, ನಾನೇ ಐದು ಗುಂಡಿ ಹಾಕಿದೆ. ಐದನೆಯ ಗುಂಡಿಗೆ ದುಗ್ಗಪ್ಪನ ಕಣ್ಣು ಆರಿಹೋಯಿತು, ಮೇಷ್ಟ್ರು ನನ್ನ ಉಗುರು ನೋಡಿದರು. ಅವನು ಬೆಚ್ಚಗಿರಲಿ ಎಂದು ಹಾಗೆ ಮಾಡಿದೆ ಎಂದುಕೊಂಡೆ. ಅದರಲ್ಲಿ ಅರ್ಧ ನಿಜ. ಇನ್ನರ್ಧ ಏನೆಂದರೆ, ಅಂದು ಶನಿವಾರ, ಶನಿವಾರ ಬುಟ್ಟಿ ಬೇಗ ತುಂಬುತ್ತದೆ.

ಅಂದು ಮಧ್ಯಾಹ್ನವೇ ದುಗ್ಗಪ್ಪನ ಹೆಂಡತಿ ಸಣ್ಣೀರಮ್ಮ ಬಂದಳು. ಜಗಳ ಆಗಲೇ ರಂಗೇರಿತ್ತು. ಗಾಡಿಯ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡಿದ್ದಳು. ಹದಿನೈದು ದಿನದಿಂದ ಗಾಡಿ ಎಳೆಯುತ್ತಿದ್ದವಳು ಅವಳೇ. ಹಲಗೆ ತೋರಿಸಿ "ಏನು ತಂದೆ?" ಎಂದು ಬಾಗಿಲಲ್ಲಿ ಯಾರೋ ತಮಾಷೆ ಮಾಡಿದರು. "ನಾ ಏನೂ ತಂದಿಲ್ಲ, ತಗಂಡೋಗಕ್ಕೆ ಬಂದಿವ್ನಿ," ಎಂದು ಜನರನ್ನು ಸರಿಸಿಕೊಂಡು ನನ್ನ ಮುಂದೆ ನಿಂತಳು.

"ಅಮ್ಮಾ, ನೀವು ಅನ್ನ ಕೊಟ್ರಿ, ಬಟ್ಟೆ ಕೊಟ್ರಿ. ಸರಿ. ಅದ್ರ ಬದ್ಲಿಗೆ ಆಳನ್ನೇ ಇಟ್ಕಳೋದಾ? ಮಗಿಗೆ ಜ್ವರ. ಅಪ್ಪಾ ಅಂತ ಕೂಗ್ತೈತೆ. ಕೂಗುದ್ರೆ ಇವ್ರು ರಜಾ ಅರ್ಜಿ ಎಲ್ಲಿ ಅಂತ ಕೇಳ್ತಾರೆ."

ಗೋಡೆಯ ಮೇಲೆ ಕೂತ ಒಬ್ಬ ನಕ್ಕ. ಆಮೇಲೆ ಅವನೇ ನಾಲಿಗೆ ಕಚ್ಚಿಕೊಂಡ. ಸಣ್ಣೀರಮ್ಮ ರೆಜಿನಮ್ಮನ ಕಡೆ ತಿರುಗಿದಳು.

"ನಿಮ್ ಗಂಡನ ಜೊತೆ ಜಗಳ ಆಡಕ್ಕೆ ನಿಮ್ಗೆ ಒಂದು ಜೀವಮಾನ ಇತ್ತಲ್ಲಮ್ಮಾ. ಸುಮ್ಕಿದ್ರಿ. ಈಗ ನನ್ ಗಂಡನ್ನ ನಿಲ್ಲುಸ್ಕಂಡು ಆಡ್ತಾ ಇದೀರ. ನಾ ಯಾರ್ ಕುಟ್ಟೆ ಆಡ್ಲಿ?"

"ಇನ್ನೂ ಮುಗಿದಿಲ್ಲ," ಎಂದರು ರೆಜಿನಮ್ಮ. ಮಗುವೊಂದು ಆಟದ ಸಾಮಾನು ಕೊಡುವುದಿಲ್ಲ ಎನ್ನುವ ಹಾಗಿತ್ತು ಅದು. "ಇನ್ನೂ ಎಷ್ಟೋ ಹೇಳೋದಿದೆ."

"ಹೇಳಿ. ಸಮಾಧಿ ಅಲ್ಲೇ ಐತಲ್ಲ, ಹೋಗ್ ಹೇಳಿ. ಅವ್ರು ಎಲ್ಗೂ ಎದ್ದೋಗಲ್ಲ. ಇವ್ನು ಚಳಿಗೆ ಸತ್ರೂ ಪರ್ವಾಗಿಲ್ಲ, ನನ್ ಗಂಡನಾಗಿ ಸಾಯ್ಲಿ."

ರೆಜಿನಮ್ಮ ಬಹಳ ಹೊತ್ತು ಸಣ್ಣೀರಮ್ಮನ ಹೆಗಲ ಮೇಲಿನ ಹಗ್ಗವನ್ನೇ ನೋಡಿದರು. ಆಮೇಲೆ ಕೋಟಿನ ಹತ್ತಿರ ಹೋಗಿ, "ಬಿಚ್ಚು," ಎಂದರು.

"ಸಾರ್ವಜನಿಕ ಸ್ಥಳದಲ್ಲಿ ಗುಂಡಿ ಬಿಚ್ಚುವುದು ಅಶಿಸ್ತು," ಎಂದಿತು ಕೋಟು.

ರೆಜಿನಮ್ಮ ತಾವೇ ಬಿಚ್ಚತೊಡಗಿದರು. ಮೊದಲನೆಯ ಗುಂಡಿಗೆ ಕೋಟು "ರೆಜಿನಾ!" ಎಂದು ಗದರಿತು. ಎರಡನೆಯದಕ್ಕೆ "ರೆಜಿನಾ?" ಎಂದಿತು. ಮೂರನೆಯದಕ್ಕೆ ತುಟಿ ಮಾತ್ರ ಅಲ್ಲಾಡಿತು. ನಾಲ್ಕು, ಐದು. ತೋಳು ಎಳೆದು ಕಳಚಿದರು. ಕೋಟು ಬೆಂಚಿನ ಮೇಲೆ ಬಿತ್ತು. ತೂತು ಬನಿಯನ್ನಿನಲ್ಲಿ ದುಗ್ಗಪ್ಪ ನಿಂತಿದ್ದ. "ಸಣ್ಣೀರೀ," ಎಂದ. ಅಷ್ಟರಲ್ಲಿ ಕೆಮ್ಮು ಅವನನ್ನು ಎರಡಾಗಿ ಮಡಚಿತು.

"ಪಾಸ್ಕಲಮ್ಮ, ಏನಾದ್ರೂ ಹೊದಿಸು!" ಎಂದು ಕೂಗಿದರು ರೆಜಿನಮ್ಮ. ನಾನು ಬರಿಗೈ ತೋರಿಸಿದೆ. ಅಂಗಳದಲ್ಲಿ ಇನ್ನೂರು ಜನರಿದ್ದರು, ಇನ್ನೂರು ಸ್ವೆಟರು, ಶಾಲು, ಕಂಬಳಿ ಇದ್ದವು. ಎಲ್ಲರೂ ತಮ್ಮ ತಮ್ಮದನ್ನು ಬಿಗಿಯಾಗಿ ಹಿಡಿದುಕೊಂಡರು. ನಾನೂ ಹಿಡಿದುಕೊಂಡೆ. ನನ್ನ ಸ್ವೆಟರಿಗೆ ಅಂದಿನ ಬೆಳಿಗ್ಗೆಯ ವಿಷಯ ಗೊತ್ತಿತ್ತು.

ರೆಜಿನಮ್ಮ ಹಿಂದೆ ಮುಂದೆ ನೋಡದೆ ತಾವು ಹೊದ್ದಿದ್ದ ಕಪ್ಪು ಉಣ್ಣೆ ಶಾಲು ತೆಗೆದು ದುಗ್ಗಪ್ಪನಿಗೆ ಸುತ್ತಿದರು. ಕುದಿಸಿದ್ದಲ್ಲ, ಒಣಗಿಸಿದ್ದಲ್ಲ, ಅವರ ಮೈಯ ಬಿಸಿ ಇನ್ನೂ ಆರದೆ ಇದ್ದದ್ದು. ಹೊದಿಸಿದ ಮೇಲೆ ಅವರಿಗೆ ತಾವು ಮಾಡಿದ್ದು ತಿಳಿಯಿತು. ಜನಕ್ಕೂ ತಿಳಿಯಿತು. ಗೋಡೆಯ ಮೇಲಿನವರು ಮುಂದೆ ಬಾಗಿದರು. ಮೇಷ್ಟ್ರಿಗೆ ಇನ್ನು ಎಂಥ ಬೈಗುಳ ಕಾದಿದೆಯೋ ಎಂದು ಊರಿಗೆ ಊರೇ ಕಿವಿಯಾಯಿತು.

ದುಗ್ಗಪ್ಪನ ಕೆಮ್ಮು ನಿಂತಿತು. ಅವನು ಶಾಲಿನ ಅಂಚನ್ನು ತಲೆಯ ಮೇಲೆ ಎಳೆದುಕೊಂಡ. ಬೆಂಚಿನ ಮೇಲೆ ಬಿದ್ದಿದ್ದ ಕೋಟನ್ನು ಎತ್ತಿ, ಧೂಳು ಕೊಡವಿ, ಕಾಲರು ಸರಿಮಾಡಿ, ಒಬ್ಬರು ಕೂತಿದ್ದಾರೋ ಎಂಬಂತೆ ಬೆಂಚಿನ ಬೆನ್ನಿಗೆ ಒರಗಿಸಿದ. ಸಾಲಿನಿಂದ ಒಂದು ತಟ್ಟೆ ತಂದ. ಮುದ್ದೆ ಇಟ್ಟ, ಸಾರು ಹಾಕಿದ, ಮೂಲಂಗಿ ಹೋಳುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ ಮೆತ್ತಗೆ ಮಾಡಿದ. ತಟ್ಟೆಯನ್ನು ಕೋಟಿನ ಮುಂದೆ ಇಟ್ಟು ಪಕ್ಕದಲ್ಲಿ ಕೂತ.

"ತಿನ್ನಿ ರೀ," ಎಂದ. "ಆರಿಹೋಗುತ್ತೆ."

ಆಮೇಲೆ ಅಳತೊಡಗಿದ. ಅಷ್ಟು ದೊಡ್ಡ ಗಂಡಸು ಅಷ್ಟು ಸಣ್ಣ ದನಿಯಲ್ಲಿ ಅತ್ತದ್ದನ್ನು ನಾನು ಕಂಡಿರಲಿಲ್ಲ. ಯಾರಿಗೂ ಕೇಳಿಸಬಾರದೆಂದು ಅಡುಗೆಮನೆಯಲ್ಲಿ ಅಳುವವರ ಅಳು ಅದು.

"ಅದು ನಾನಲ್ಲ," ಎಂದರು ರೆಜಿನಮ್ಮ ನನಗೆ. ನಂತರ 'ಅಲ್ಲ' ಎಂದು ಇನ್ನೊಮ್ಮೆ, ಯಾರಿಗೂ ಅಲ್ಲದೆ. ಗೋಡೆಯ ಮೇಲಿನವರು ಒಬ್ಬೊಬ್ಬರಾಗಿ ಇಳಿದರು. ಒಬ್ಬರ ಮುಖ ಒಬ್ಬರು ನೋಡದೆ ಜನ ಹೊರಟರು. ಸಣ್ಣೀರಮ್ಮ ಗಂಡನನ್ನು ರಟ್ಟೆ ಹಿಡಿದು ಎಬ್ಬಿಸಿದಳು.

"ಶಾಲು ಬಿಡ್ಸ್‌ಬೇಕೇನಮ್ಮಾ?" ಎಂದು ನಾನು ಕೇಳಿದೆ.

"ಇರ್ಲಿ ಬುಡಿ. ಅಳೋ ಗಂಡಸನ್ನ ಸಂಭಾಳಿಸ್‌ಬೋದು," ಎಂದಳು. "ಉಗುರು ನೋಡೋನ್ನ ಆಗಾಕಿಲ್ಲ."

ಮುಂದಿನದು ಹೇಳಿಬಿಡುತ್ತೇನೆ. ರೆಜಿನಮ್ಮ ಹೊಸ ಉಲ್ಲನ್ ದಾರ ತಂದು ಆರು ದಿನ ಕೂತು ಒಂದು ಸ್ವೆಟರ್ ಹೆಣೆದರು. ಹೆಣೆಯುವಾಗ ಏನನ್ನೂ ಯೋಚಿಸಬಾರದೆಂದು ಬಾಯಲ್ಲಿ ಮಗ್ಗಿ ಹೇಳಿಕೊಳ್ಳುತ್ತಿದ್ದರು. ದುಗ್ಗಪ್ಪ ಅದನ್ನು ಹಾಕಿಕೊಂಡು ಶಾಲು ಹಿಂದಿರುಗಿಸಿದ. ಆ ಆರು ದಿನ ಅವನ ಮಗುವಿನ ಜ್ವರಕ್ಕೆ ಅವನಷ್ಟು ಆರೈಕೆ ಮಾಡಿದವರಿಲ್ಲ ಎಂದು ಸಣ್ಣೀರಮ್ಮ ಆಮೇಲೆ ಹೇಳಿದಳು. ಏಳನೇ ದಿನ ಸಂತೆಬೀದಿಯ ಗುಂಡಿಯೊಂದನ್ನು ಅವನು ಬೈದ ಬೈಗುಳ ಚರ್ಚಿನವರೆಗೂ ಕೇಳಿಸಿತು. ಫಾದರ್ ಕೂಡ ನಿಂತು ಆಲಿಸಿದರು. ನಮ್ಮ ಬುಟ್ಟಿ ಖಾಲಿಯಾಯಿತು, ಉಣ್ಣುವವರು ಮಾತ್ರ ನೂರಾ ಇಪ್ಪತ್ತೇ ಉಳಿದರು. ನಾನು ಹಲಗೆ ಕಿತ್ತು ಒಲೆಗೆ ಹಾಕಿ, ಬುಟ್ಟಿ ಹಿಡಿದು ಮನೆಮನೆಯ ಮುಂದೆ ನಿಲ್ಲುವುದನ್ನು ಮತ್ತೆ ಕಲಿತೆ. ಕೆಲವರು ಬಾಗಿಲು ಹಾಕಿಕೊಂಡರು. ಹೆಚ್ಚಿನವರು ಅರ್ಧ ಕೊಟ್ಟರು.

ಅದೆಲ್ಲ ಆಮೇಲಿನ ಮಾತು. ಅವತ್ತು ಅಂಗಳ ಖಾಲಿಯಾದಾಗ ಉಳಿದವರು ನಾನು, ರೆಜಿನಮ್ಮ, ಬೆಂಚಿಗೆ ಒರಗಿದ ಕೋಟು, ಅದರ ಮುಂದೆ ಒಂದು ತಟ್ಟೆ. ರೆಜಿನಮ್ಮ ಶಾಲಿಲ್ಲದೆ ನಡುಗುತ್ತಿದ್ದರು. ನಾನು ನನ್ನ ಸ್ವೆಟರ್ ಬಿಚ್ಚಿ ಕೊಡಲು ಹೋದೆ. "ಬೇಡ, ನಿನ್ನ ಪಾಪ ನೀನೇ ಇಟ್ಕೋ," ಎಂದರು. ಹೋಗಿ ಬೆಂಚಿನ ಮೇಲೆ ಕೂತರು. ಕೋಟನ್ನು ನೋಡಲಿಲ್ಲ, ಸರಿಸಲೂ ಇಲ್ಲ. ಇಷ್ಟು ವರ್ಷ ನಮ್ಮಲ್ಲಿ ಬಡಿಸಿದವರು ಒಂದು ದಿನವೂ ನಮ್ಮಲ್ಲಿ ಉಂಡವರಲ್ಲ. ಇದು ಇಲ್ಲದವರ ಊಟ ಎಂದು ಮೇಷ್ಟ್ರ ಅಪ್ಪಣೆಯಾಗಿತ್ತು. ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಇನ್ನೊಂದು ತುತ್ತು ನುಂಗಿದರು. ತಲೆ ಎತ್ತಿದರು.

"ಪಾಸ್ಕಲಮ್ಮ, ಉಪ್ಪು ಕಮ್ಮಿ."

"ನೀವೇ ಮಾಡಿದ ಸಾರು."

"ನಂಗೆ ಮನೇಲಿ ಅಭ್ಯಾಸ. ಅವರಿಗೆ ಬಿ.ಪಿ. ಇತ್ತು." ಸಾರಿಗೆ ಬೆರಳದ್ದಿ ಮತ್ತೆ ನೆಕ್ಕಿ ನೋಡಿದರು. "ಇಷ್ಟು ವರ್ಷದಿಂದ ಜನಕ್ಕೆ ಇದನ್ನೇ ಬಡಿಸ್ತಾ ಇದ್ದೀನಾ? ಒಬ್ಬರೂ ಹೇಳ್ಲಿಲ್ವಾ?"

"ಧರ್ಮದೂಟಕ್ಕೆ ಯಾರಮ್ಮಾ ಉಪ್ಪು ಕೇಳ್ತಾರೆ?"

"ನಾನು ಕೇಳ್ತಾ ಇದ್ದೀನಿ," ಎಂದು ರೆಜಿನಮ್ಮ ತಟ್ಟೆಯನ್ನು ಮುಂದಕ್ಕೆ ಒಡ್ಡಿದರು.